ಒಂದು ಹಿಮಬಂಡಿಯ ಜೀರ್ಣೋದ್ಧಾರ

ಹಳೆಯದನ್ನು ಉಳಿಸಿಕೊಳ್ಳಬೇಕೆಂಬ ಮಾತನ್ನು ನಾವೆಲ್ಲರೂ ಆಡುತ್ತೇವೆ. ಆದರೆ ಉಳಿಸಿಕೊಳ್ಳುವುದೆಂದರೇನು ಎಂದು ಯಾರಾದರೂ ಬಿಡಿಸಿ ಕೇಳಿದರೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ. ಅಜ್ಜಿಯ ಕಾಲದ ಹಿತ್ತಾಳೆಯ ಪಾತ್ರೆಯನ್ನು ಗಾಜಿನ ಬೀರುವಿನಲ್ಲಿಟ್ಟರೆ ಅದು ಉಳಿಯಿತೆ, ಅಥವಾ ಕಲಾಯಿ ಹಾಕಿಸಿ ದಿನವೂ ಅದರಲ್ಲಿ ಅಡುಗೆ ಮಾಡಿದರೆ ಉಳಿಯಿತೆ? ಬೀರುವಿನಲ್ಲಿಟ್ಟದ್ದು ಸವೆಯುವುದಿಲ್ಲ, ದಿಟ. ಆದರೆ ಅದು ಪಾತ್ರೆಯ ಕೆಲಸವನ್ನೂ ಮಾಡುವುದಿಲ್ಲ. ಒಲೆಯ ಮೇಲಿಟ್ಟದ್ದು ಪಾತ್ರೆಯಾಗಿಯೇ ಬಾಳುತ್ತದೆ, ಬಾಳುತ್ತ ಬಾಳುತ್ತ ಸವೆಯುತ್ತದೆ. ಹಳಗನ್ನಡ ಕಾವ್ಯಗಳನ್ನು ಪಾಠ ಹೇಳುವುದೇ ಕಸುಬಾದ ನನ್ನಂಥವನಿಗೆ ಈ ಪ್ರಶ್ನೆ ಹೊಸದೇನೂ ಅಲ್ಲ. ಆದರೆ ಅದಕ್ಕೆ ಒಪ್ಪುವಂಥ ಒಂದು ಉತ್ತರ ನನಗೆ ದೊರೆತದ್ದು ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ಎಣ್ಣೆಯ ವಾಸನೆ ತುಂಬಿದ ಒಂದು ಕೊಟ್ಟಿಗೆಯಲ್ಲಿ ಎಂದರೆ ವಾಚಕರು ನಕ್ಕಾರು. ಹಳೆಯ ಸ್ನೋಮೊಬೈಲೊಂದನ್ನು ಪಂದ್ಯದ ಬಂಡಿಯನ್ನಾಗಿ ಮಾರ್ಪಡಿಸುವ ಕೆಲಸವನ್ನು ಅಲ್ಲಿ ನಾನು ಆರು ವಾರ ಕುಳಿತು ನೋಡಿದೆ.

ನನ್ನ ಅಕ್ಕನ ಮಗ ಆ ನಾಡಿನಲ್ಲಿ ನೆಲೆಸಿ ಹತ್ತು ವರ್ಷಗಳಾದವು. ಸೊಸೆಯ ಬಾಣಂತನಕ್ಕೆಂದು ಅಕ್ಕ ಹೊರಟು ನಿಂತಾಗ, ಒಬ್ಬಳನ್ನೇ ಅಷ್ಟು ದೂರ ಕಳುಹಿಸಲು ಮನಸ್ಸು ಬಾರದೆ, ಕಾಲೇಜಿಗೆ ರಜೆ ಹಾಕಿ ನಾನೂ ಜೊತೆಗೆ ಹೋದೆ. ಬಾಣಂತಿಯ ಮನೆಯಲ್ಲಿ ಗಂಡಸಿಗೆ ಏನು ಕೆಲಸ? ಹೊರಗೆ ಕಾಲಿಡೋಣವೆಂದರೆ ಮೊಣಕಾಲುದ್ದ ಹಿಮ. ನನ್ನ ಪಾಡನ್ನು ಕಂಡು ಅಳಿಯನೇ ಒಂದು ದಾರಿ ಹುಡುಕಿದ. "ಮಾವ, ಪಕ್ಕದ ಮನೆಯ ಮುದುಕರ ಕೊಟ್ಟಿಗೆಯಲ್ಲಿ ಇಡೀ ದಿನ ಒಲೆ ಉರಿಯುತ್ತಿರುತ್ತದೆ. ಅಲ್ಲಿ ಹೋಗಿ ಕೂತುಕೊಳ್ಳಿ. ಅವರಿಗೂ ಮಾತಿಗೆ ಜನ ಬೇಕು" ಎಂದು ಕರೆದುಕೊಂಡು ಹೋಗಿ ಬಿಟ್ಟ. ಆ ಮುದುಕರಿಗೆ ಎಪ್ಪತ್ತೆರಡು ವಯಸ್ಸು. ಬದುಕೆಲ್ಲ ಬೆಸುಗೆಯ ಕೆಲಸ ಮಾಡಿ ನಿವೃತ್ತರಾದವರು. ಕೊಟ್ಟಿಗೆಯ ನಡುವೆ, ಎರಡು ಮರದ ದಿಮ್ಮಿಗಳ ಮೇಲೆ, ಮುಸುಕು ತೆಗೆದ ಒಂದು ಯಂತ್ರ ಕುಳಿತಿತ್ತು.

ಅದರ ಸ್ವರೂಪವನ್ನು ಕಾಣದವರಿಗೆ ಬಣ್ಣಿಸುವುದು ಕಷ್ಟವೇನಲ್ಲ. ಮೋಟಾರುಸೈಕಲ್ಲಿನ ಮುಂದಿನ ಚಕ್ರವನ್ನು ತೆಗೆದು ಅಲ್ಲಿ ಎರಡು ಜಾರುಹಲಗೆಗಳನ್ನು ಜೋಡಿಸಿರಿ; ಹಿಂದಿನ ಚಕ್ರವನ್ನು ತೆಗೆದು, ಯುದ್ಧದ ಟ್ಯಾಂಕಿಗೆ ಇರುವಂಥ ಸುತ್ತುಪಟ್ಟೆಯೊಂದನ್ನು, ಆದರೆ ರಬ್ಬರಿನದನ್ನು, ಅಲ್ಲಿ ಕೂರಿಸಿರಿ. ಎಂಜಿನು ಪಟ್ಟೆಯನ್ನು ತಿರುಗಿಸುತ್ತದೆ. ಪಟ್ಟೆ ಹಿಮವನ್ನು ಹಿಂದಕ್ಕೆ ಒದೆಯುತ್ತದೆ. ಹಲಗೆಗಳು ದಾರಿ ತೋರುತ್ತವೆ. ಕನ್ನಡದಲ್ಲಿ ಇದನ್ನು ಹಿಮಬಂಡಿ ಎಂದು ಕರೆಯಬಹುದೆಂದು ನನಗೆ ತೋರುತ್ತದೆ. ಇನ್ನೊಂದು ಪದವಿವೇಚನೆಯೂ ಇಲ್ಲಿ ಅವಶ್ಯ. ಆಕಾಶದಿಂದ ಅರಳೆಯಂತೆ ಉದುರುವುದು ಹಿಮ. ಕೆರೆಯ ನೀರು ಹೆಪ್ಪುಗಟ್ಟಿ ಕಲ್ಲಾದರೆ ಅದು ಮಂಜುಗಡ್ಡೆ. ನಮ್ಮ ಬಂಡಿ ಹುಟ್ಟಿದ್ದು ಹಿಮಕ್ಕಾಗಿ. ಅದು ಇನ್ನು ಮುಂದೆ ಓಡಬೇಕಾಗಿದ್ದುದು ಮಂಜುಗಡ್ಡೆಯ ಮೇಲೆ. ಮಾರ್ಪಾಟಿನ ಕಷ್ಟಗಳಲ್ಲಿ ಬಹುಪಾಲು ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಮುಚ್ಚಿದ ದಾರಿಗಳ ನಾಡು

ಹಿಮಬಂಡಿಯ ಚರಿತ್ರೆಯಲ್ಲಿ ಮೊದಲು ಸ್ಮರಿಸಬೇಕಾದ ಹೆಸರುಗಳಲ್ಲಿ ಒಂದು ಕಾರ್ಲ್ ಎಲಿಯಾಸನ್ ಎಂಬವನದು. ವಿಸ್ಕಾನ್ಸಿನ್ ರಾಜ್ಯದ ಸೇನರ್ ಎಂಬ ಊರಿನ ಈತನಿಗೆ ಕಾಲಿನ ಊನವಿತ್ತು. ಹಿಮದಲ್ಲಿ ಬೇಟೆಗೆ ಹೊರಟ ಗೆಳೆಯರ ಜೊತೆಗೆ ಹೆಜ್ಜೆಹಾಕಲಾರದೆ ಹಿಂದುಳಿಯುತ್ತಿದ್ದ. ೧೯೨೪ರಲ್ಲಿ ಈತ ದೋಣಿಯ ಸಣ್ಣ ಮೋಟಾರೊಂದನ್ನು ಜಾರುಗಾಡಿಗೆ ಕಟ್ಟಿ ತನ್ನ ಮೊದಲ ಬಂಡಿಯನ್ನು ಓಡಿಸಿದ. ೧೯೨೭ರಲ್ಲಿ ಅದಕ್ಕೆ ಸ್ವಾಮ್ಯದ ಹಕ್ಕನ್ನೂ ಪಡೆದ.

ಇನ್ನೊಬ್ಬ ಕೆನಡದ ಕ್ವಿಬೆಕ್ ಪ್ರಾಂತದ ಜೋಸೆಫ್ ಅರ್ಮಾಂ ಬೊಂಬಾರ್ಡಿಯೆ. ಹದಿನೈದರ ಹರೆಯದಲ್ಲಿಯೇ, ೧೯೨೨ರಲ್ಲಿ, ಫೋರ್ಡ್ ಕಾರಿನ ಹಳೆಯ ಎಂಜಿನಿಗೆ ಗಾಳಿಯಂತ್ರದ ರೆಕ್ಕೆಯನ್ನು ಸಿಕ್ಕಿಸಿ, ಅದನ್ನು ಜಾರುಗಾಡಿಗೆ ಬಿಗಿದು ಊರ ಬೀದಿಯಲ್ಲಿ ಓಡಿಸಿದ ಹುಡುಗ ಈತ. ತಂದೆ ಗಾಬರಿಗೊಂಡು ಅದನ್ನು ಒಡನೆಯೇ ಬಿಚ್ಚಿಸಿಹಾಕಿದನಂತೆ. ಹುಡುಗಾಟವಾಗಿ ಮೊದಲಾದ ಈ ಗೀಳು ವ್ರತವಾಗಿ ಮಾರ್ಪಟ್ಟದ್ದು ದುಃಖದಿಂದ. ೧೯೩೪ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಕರುಳಿನ ಬೇನೆ ಬಂದಿತು. ಊರಿನಿಂದ ಹೊರಡುವ ದಾರಿಗಳೆಲ್ಲ ಹಿಮದಲ್ಲಿ ಹೂತುಹೋಗಿದ್ದವು. ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಮುಂದಿನ ಕೆಲವೇ ವರ್ಷಗಳಲ್ಲಿ ಬೊಂಬಾರ್ಡಿಯೆ ರಬ್ಬರು ಹೊದಿಸಿದ ಹಲ್ಲುಚಕ್ರವನ್ನೂ ಅದರ ಮೇಲೆ ಓಡುವ ಪಟ್ಟೆಯನ್ನೂ ರೂಪಿಸಿ, ೧೯೩೭ರಲ್ಲಿ ಸ್ವಾಮ್ಯದ ಹಕ್ಕನ್ನು ಪಡೆದು, ಏಳು ಜನ ಕೂರಬಹುದಾದ ಹಿಮವಾಹನವನ್ನು ಮಾರತೊಡಗಿದ. ವೈದ್ಯರು, ಪಾದ್ರಿಗಳು, ಅಂಚೆಯವರು ಅದನ್ನು ಕೊಂಡರು.

೧೯೪೮ರ ಸುಮಾರಿಗೆ ಕ್ವಿಬೆಕ್ ಸರ್ಕಾರ ಹಳ್ಳಿಯ ದಾರಿಗಳ ಹಿಮವನ್ನೂ ತೆಗೆಸಲು ಮೊದಲುಮಾಡಿತು. ದಾರಿ ತೆರೆದ ಮೇಲೆ ದೊಡ್ಡ ಹಿಮವಾಹನವನ್ನು ಕೊಳ್ಳುವವರು ಯಾರು? ಲೋಕಕ್ಕೆ ಒಳಿತಾದದ್ದು ಅವನ ವ್ಯಾಪಾರಕ್ಕೆ ಪೆಟ್ಟಾಯಿತು. ಆದರೆ ದಾರಿಯೇ ಇಲ್ಲದ ಕಾಡುಗಳಲ್ಲಿ ಒಬ್ಬಿಬ್ಬರು ತಿರುಗಾಡಬಲ್ಲ ಸಣ್ಣ ಬಂಡಿಯ ಕನಸು ಅವನಲ್ಲಿ ಉಳಿದಿತ್ತು. ಹಗುರವಾದ ಎಂಜಿನುಗಳು ದೊರೆಯುವ ಕಾಲ ಬಂದಾಗ, ೧೯೫೯ರಲ್ಲಿ, ಸ್ಕಿ–ಡೂ ಎಂಬ ಹೆಸರಿನಲ್ಲಿ ಅದು ನನಸಾಯಿತು. ಅಷ್ಟರಲ್ಲಿ ಮಿನ್ನೆಸೋಟದ ರೋಸೋ ಎಂಬ ಊರಿನಲ್ಲಿ ಎಡ್ಗರ್ ಹೆಟೀನನೂ ಅವನ ಜೊತೆಗಾರರೂ ಬೇಸಾಯದ ಸಲಕರಣೆ ಮಾಡುವ ತಮ್ಮ ಕಾರ್ಖಾನೆಯಲ್ಲಿ ೧೯೫೪ರ ಸುಮಾರಿಗೇ ಇಂಥ ಬಂಡಿಯನ್ನು ಕಟ್ಟಿದ್ದರು. ಪೋಲಾರಿಸ್ ಎಂಬ ಹೆಸರು ಬೆಳೆದದ್ದು ಅಲ್ಲಿಂದ. ೧೯೬೦ರಲ್ಲಿ ಹೆಟೀನ್ ಅಲಾಸ್ಕದ ಹಿಮಭೂಮಿಯನ್ನು ಸಾವಿರ ಮೈಲಿಗೂ ಹೆಚ್ಚು ದೂರ ಈ ಬಂಡಿಯಲ್ಲಿ ದಾಟಿ, ಇದು ಆಟಿಕೆಯಲ್ಲವೆಂದು ಜನಕ್ಕೆ ತೋರಿಸಿದ.

ಆದರೆ ಜನ ಅದನ್ನು ಆಟಕ್ಕೇ ಎಳೆದುಕೊಂಡರು! ಮನುಷ್ಯನ ಸ್ವಭಾವವೇ ಹಾಗೆ; ಎರಡು ಎತ್ತಿನಗಾಡಿಗಳು ಒಂದೇ ದಾರಿಯಲ್ಲಿ ಬಂದರೆ ಯಾವುದು ಮುಂದೆ ಎಂಬ ಪ್ರಶ್ನೆ ಎತ್ತುಗಳಿಗಲ್ಲದಿದ್ದರೂ ಹೊಡೆಯುವವರಿಗೆ ಹುಟ್ಟಿಯೇ ಹುಟ್ಟುತ್ತದೆ. ೧೯೬೪ರಲ್ಲಿ ವಿಸ್ಕಾನ್ಸಿನ್ನಿನ ಈಗಲ್ ರಿವರ್ ಎಂಬ ಊರಿನ ಬಳಿ, ಹೆಪ್ಪುಗಟ್ಟಿದ ಡಾಲರ್ ಕೆರೆಯ ಮೇಲೆ, ಹಿಮಬಂಡಿಗಳ ಪಂದ್ಯ ಜರುಗಿತು. ಇದು ಎಲಿಯಾಸನ್ನನ ಸೇನರ್ ಇರುವ ಜಿಲ್ಲೆಯೇ ಎಂಬುದು ಗಮನಿಸತಕ್ಕದ್ದು. ಬೊಂಬಾರ್ಡಿಯೆ ಕಣ್ಣುಮುಚ್ಚಿದ್ದೂ ಅದೇ ವರ್ಷ. ಈಗಲ್ ರಿವರಿನಲ್ಲಿ ಅರ್ಧ ಮೈಲಿ ಸುತ್ತಳತೆಯ ಮಂಜುಗಡ್ಡೆಯ ಅಂಡಾಕಾರದ ಹಾದಿ ಇಂದಿಗೂ ಪ್ರಸಿದ್ಧವಾಗಿದೆ; ಅಲ್ಲಿ ಹಳೆಯ ಬಂಡಿಗಳಿಗೇ ಮೀಸಲಾದ ಪಂದ್ಯಗಳೂ ಜನವರಿಯಲ್ಲಿ ನಡೆಯುತ್ತವೆ.

ಈ ಆಟವನ್ನು ಹಗುರವಾಗಿ ಎಣಿಸುವವರು ಒಂದು ಹೆಸರನ್ನು ನೆನೆಯಬೇಕು. ಕ್ವಿಬೆಕ್‌ನ ಝೀಲ್ ವಿಲ್ನೆವ್ ೧೯೭೪ರಲ್ಲಿ ಈಗಲ್ ರಿವರಿನ ವಿಶ್ವಪಂದ್ಯವನ್ನು ಗೆದ್ದವನು. ಮುಂದೆ ಈತ ಫಾರ್ಮುಲಾ ಒನ್ ಕಾರುಪಂದ್ಯಗಳಲ್ಲಿ ಫೆರಾರಿ ತಂಡದ ಸಾರಥಿಯಾಗಿ, ೧೯೮೨ರಲ್ಲಿ ಬೆಲ್ಜಿಯಮ್ಮಿನ ಹಾದಿಯೊಂದರಲ್ಲಿ ಪ್ರಾಣ ಬಿಡುವವರೆಗೆ, ಲೋಕವೇ ಬೆರಗಾಗುವಂತೆ ಓಡಿಸಿದ. ಮಳೆಯಲ್ಲಿ, ಜಾರುನೆಲದಲ್ಲಿ, ಮುಂದಿನದೇನೂ ಕಾಣದ ನೀರಿನ ಹೊಗೆಯಲ್ಲಿ ಕಾರನ್ನು ಹತೋಟಿಯಲ್ಲಿಡುವ ವಿದ್ಯೆಯನ್ನು ತನಗೆ ಹಿಮಬಂಡಿಗಳೇ ಕಲಿಸಿದವೆಂದು ಅವನು ಹೇಳುತ್ತಿದ್ದ.

೧೯೭೧ರ ಸುಮಾರಿಗೆ ಉತ್ತರ ಅಮೆರಿಕದಲ್ಲಿ ಈ ಬಂಡಿಗಳನ್ನು ಮಾಡುವ ಕಾರ್ಖಾನೆಗಳು ನೂರಕ್ಕೂ ಮಿಕ್ಕಿದ್ದವು; ಒಂದೇ ವರ್ಷದಲ್ಲಿ ಸುಮಾರು ಐದು ಲಕ್ಷ ಬಂಡಿಗಳು ಮಾರಾಟವಾದವು. ಅನಂತರ ೧೯೭೩ರ ಎಣ್ಣೆಯ ಮುಗ್ಗಟ್ಟು ಬಂದಿತು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿ, ಇಂದು ಬೆರಳೆಣಿಕೆಯಷ್ಟು ಉಳಿದಿವೆ. ಆ ಸುಗ್ಗಿಯ ಕಾಲದ ಬಂಡಿಗಳು ಮಾತ್ರ ಸಾವಿರಾರು ಕೊಟ್ಟಿಗೆಗಳಲ್ಲಿ ಇಲಿಗಳಿಗೆ ಮನೆಯಾಗಿ ಕುಳಿತಿವೆ. ನಾನು ಕಂಡದ್ದೂ ಅಂಥದೊಂದು.

ಎರಡು ಅಭಿಪ್ರಾಯಗಳು

ಅದು ೧೯೭೩ರ ಬಂಡಿ. ಎರಡು ಸಿಲಿಂಡರು, ೩೪೦ ಸಿ.ಸಿ.; ಗಾಳಿಯಿಂದಲೇ ತಣಿಯುವ ಟೂ–ಸ್ಟ್ರೋಕ್ ಎಂಜಿನು. ಮುದುಕರ ಅಣ್ಣನಿಗೆ ಸೇರಿದ್ದು. ೧೯೭೫ರ ಜನವರಿಯಲ್ಲಿ ಆ ಸೀಮೆಯನ್ನು ಮುಚ್ಚಿದ ದೊಡ್ಡ ಹಿಮಗಾಳಿಯಲ್ಲಿ ಅಣ್ಣ ಇದೇ ಬಂಡಿಯ ಹಿಂದೆ ಜಾರುಗಾಡಿ ಕಟ್ಟಿಕೊಂಡು ಸುತ್ತಲಿನ ಒಕ್ಕಲುಮನೆಗಳಿಗೆ ಔಷಧಿಯನ್ನೂ ದನಗಳಿಗೆ ಹುಲ್ಲನ್ನೂ ಮುಟ್ಟಿಸಿದನಂತೆ. ಅಣ್ಣ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಅವನ ಮೊಮ್ಮಗಳು, ಹತ್ತೊಂಬತ್ತರ ಹುಡುಗಿ, ಊರ ಕೆರೆಯ ಮೇಲೆ ನಡೆಯುವ ಹಳೆಯ ಬಂಡಿಗಳ ಹವ್ಯಾಸಿ ಪಂದ್ಯದಲ್ಲಿ ಅಜ್ಜನ ಬಂಡಿಯನ್ನೇ ಓಡಿಸಬೇಕೆಂದು ಹಟಹಿಡಿದಿದ್ದಳು.

ಈ ಬಂಡಿಯನ್ನು ಇದ್ದ ಹಾಗೆಯೇ ಕೊಳ್ಳಲು ಸಂಗ್ರಾಹಕನೊಬ್ಬ ಒಳ್ಳೆಯ ಬೆಲೆಯೊಡನೆ ಕಾದಿದ್ದ. ಬಣ್ಣ ಮಾಸಿತ್ತೇ ಹೊರತು ಮೂಲದ್ದು. ಅಂಟಿಸಿದ ಚಿತ್ರಪಟ್ಟಿಗಳೂ ಕಾರ್ಖಾನೆಯವೇ. ನನ್ನ ಅಳಿಯನೂ ಸಂಗ್ರಾಹಕನ ಪಕ್ಷ. "ಇಂಥದ್ದನ್ನು ಕೊರೆದು ಕತ್ತರಿಸುವುದು ಪಾಪ, ಮಾವ. ಇದು ಇರಬೇಕಾದ ಜಾಗ ಮ್ಯೂಸಿಯಂ" ಎಂದ. ಹಳೆಯ ಓಲೆಗರಿಯ ಮೇಲೆ ಯಾರಾದರೂ ಕಂಠ ಹಿಡಿದು ಕುಳಿತರೆ ನನಗಾಗುವ ಸಂಕಟ ನೆನಪಾಗಿ ನಾನೂ ತಲೆದೂಗಿದೆ. ನಾವು ಹೀಗೆಂದುದನ್ನು ಮುದುಕರು ಸಾವಧಾನವಾಗಿ ಕೇಳಿದರು. ಅನಂತರ ಅವರು ಹೇಳಿದ ಮಾತಿನ ಸಾರಾಂಶ ಇಷ್ಟು: "ಆತ ಇದನ್ನು ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾನೆ, ಒಪ್ಪಿದೆ. ಆದರೆ ಎಂದಿಗೂ ಚಾಲೂ ಮಾಡುವುದಿಲ್ಲ. ಮೂವತ್ತು ವರ್ಷ ಇಲಿಗಳು ಇದನ್ನು ಕಾಪಾಡಿದವು. ಇನ್ನು ಮೂವತ್ತು ವರ್ಷ ಆತ ಕಾಪಾಡುತ್ತಾನೆ. ಇದರ ಸದ್ದು ಹೇಗಿತ್ತೆಂದು ಬಲ್ಲವರು ಆಮೇಲೆ ಯಾರಿರುತ್ತಾರೆ?"

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಎಡಕ್ಕೆ ಮಾತ್ರ ತಿರುಗುವ ದಾರಿ

ಅಂಡಾಕಾರದ ಹಾದಿಯಲ್ಲಿ ಬಂಡಿಗಳು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತವೆ. ಎಂದರೆ ಎಲ್ಲ ತಿರುವುಗಳೂ ಎಡಕ್ಕೆ. ಗಾಣದ ಎತ್ತಿನಂತೆ ಸುತ್ತುವುದರಲ್ಲಿ ಏನು ವಿಶೇಷವೆಂದು ನಾನು ಮೊದಲು ಎಣಿಸಿದ್ದುಂಟು. ಆದರೆ ವಿಶೇಷವೆಲ್ಲ ಅಲ್ಲಿಯೇ ಇದೆ. ವೇಗದಲ್ಲಿ ಎಡಕ್ಕೆ ತಿರುಗುವ ಬಂಡಿಯ ಭಾರವೆಲ್ಲ ಬಲಕ್ಕೆ ಒರಗುತ್ತದೆ. ಎಡದ ಹಲಗೆ ನೆಲ ಬಿಟ್ಟು ಏಳುತ್ತದೆ. ಇನ್ನೂ ಮೀರಿದರೆ ಬಂಡಿ ಮಗುಚುತ್ತದೆ. ಆದ್ದರಿಂದ ಕಾಡುಮೇಡುಗಳಲ್ಲಿ ಅಲೆಯಲೆಂದು ಎತ್ತರವಾಗಿ, ಎರಡು ಬದಿಗೂ ಸಮನಾಗಿ ಹುಟ್ಟಿದ ಬಂಡಿಯನ್ನು ಈಗ ತಗ್ಗಿಸಬೇಕು ಮತ್ತು ಬೇಕೆಂದೇ ಅಸಮವಾಗಿಸಬೇಕು.

ಮುದುಕರು ಮೊದಲು ಹಿಂದಿನ ಪಟ್ಟೆಯೊಳಗಿನ ಸ್ಪ್ರಿಂಗುಗಳನ್ನೂ ಅವು ಹಿಗ್ಗದಂತೆ ತಡೆಯುವ ವಾರುಗಳನ್ನೂ ಗಿಡ್ಡಮಾಡಿ ಬಂಡಿಯನ್ನು ನೆಲಕ್ಕೆ ಇಳಿಸಿದರು. ಮುಂದಿನ ಎರಡು ಹಲಗೆಗಳ ನಡುವಣ ಅಂತರವನ್ನು ನಿಯಮ ಒಪ್ಪುವಷ್ಟು ಹೆಚ್ಚಿಸಿದರು. ಬಲಗಡೆ ಭಾರ ಹೊರುವ ಸ್ಪ್ರಿಂಗನ್ನು ಬಿಗಿಮಾಡಿದರು. ಓಡಿಸುವವರು ತಿರುವಿನಲ್ಲಿ ಮೈಯನ್ನು ಎಡಕ್ಕೆ ಚಾಚಿ ಬಂಡಿಯ ಹೊರಗೆ ತೂಗುಹಾಕಿಕೊಳ್ಳಬೇಕಾದುದರಿಂದ ಕಾಲು ಸಿಕ್ಕಿಸಿಕೊಳ್ಳಲು ಒಂದು ಕೊಕ್ಕೆ, ಮೊಣಕಾಲಿಗೆ ಒಂದು ಮೆತ್ತೆ ಬಂದವು.

ಅನಂತರ ಹಿಡಿತದ ವಿಚಾರ. ರಬ್ಬರಿನ ಪಟ್ಟೆ ಹಿಮವನ್ನು ಹಿಡಿಯಬಲ್ಲದು. ಮಂಜುಗಡ್ಡೆಯ ಮೇಲೆ ಅದು ಸೋಪು ಹಚ್ಚಿದ ಪಾದದಂತೆ ಜಾರುತ್ತದೆ. ಪಟ್ಟೆಯ ಉದ್ದಕ್ಕೂ ತೂತು ಕೊರೆದು, ಒಳಗಿನಿಂದ ಬಿಲ್ಲೆ ಕೊಟ್ಟು, ನೂರಾರು ಉಕ್ಕಿನ ಮೊಳೆಗಳನ್ನು ಕೂರಿಸಬೇಕು. ಹಲಗೆಗಳ ಅಡಿಯಲ್ಲಿ ಕಾರ್ಬೈಡ್ ಎಂಬ ಅತಿಗಟ್ಟಿ ಲೋಹದ ಅಂಚನ್ನು ಬೆಸೆದ ಸರಳುಗಳನ್ನು ಬಿಗಿದು ಕತ್ತಿಯಂತೆ ಮಸೆಯಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಮೊಳೆಗಳ ಹಿಡಿತ ಹೆಚ್ಚಾಗಿ ಹಲಗೆಯ ಹಿಡಿತ ಕಡಮೆಯಾದರೆ ಹಿಂಭಾಗ ಮುಂಭಾಗವನ್ನು ನೂಕಿ, ಬಂಡಿ ತಿರುವಿನಲ್ಲಿ ತಿರುಗದೆ ನೇರವಾಗಿ ಗೋಡೆಗೆ ಹೋಗುತ್ತದೆ. ಹಲಗೆಯ ಹಿಡಿತವೇ ಹೆಚ್ಚಾದರೆ ಮುಂಭಾಗ ಕಚ್ಚಿಕೊಂಡು ಹಿಂಭಾಗ ಬುಗುರಿಯಂತೆ ಸುತ್ತಿಬಿಡುತ್ತದೆ. ಮಂಜುಗಡ್ಡೆ ಬೆಳಿಗ್ಗೆ ಒಂದು ಬಗೆ, ಮಧ್ಯಾಹ್ನದ ಬಿಸಿಲಿಗೆ ಇನ್ನೊಂದು ಬಗೆ. ಎರಡರ ಸಮತೂಕವನ್ನು ಕಾಣುವುದು ಲೆಕ್ಕದಿಂದಲ್ಲ, ಕೈಯ ಅಭ್ಯಾಸದಿಂದ.

ಎಂಜಿನಿನಿಂದ ಪಟ್ಟೆಗೆ ಶಕ್ತಿ ಸಾಗುವ ಬಗೆ ನಮ್ಮವರಿಗೆ ಅಪರಿಚಿತವೇನಲ್ಲ. ಇಂದು ನಮ್ಮ ಊರುಗಳಲ್ಲಿ ಓಡುವ ಗೇರಿಲ್ಲದ ಸ್ಕೂಟರುಗಳಲ್ಲಿರುವಂತೆ ಎರಡು ರಾಟೆಗಳು, ನಡುವೆ ಒಂದು ಬೆಲ್ಟು. ವೇಗ ಏರಿದಂತೆ ಒಳಗಿನ ತೂಕದ ತುಂಡುಗಳು ಹೊರಕ್ಕೆ ಚಿಮ್ಮಿ ಒಂದು ರಾಟೆಯ ಬಾಯಿ ಕೂಡುತ್ತದೆ, ಇನ್ನೊಂದರದು ತೆರೆಯುತ್ತದೆ. ಗೇರು ತಾನಾಗಿಯೇ ಬದಲಾಗುತ್ತದೆ. ಕಾಡಿನಲ್ಲಿ ಮೆಲ್ಲನೆ ಸಾಗುವ ಬಂಡಿಗೆ ಒಪ್ಪಿದ ತೂಕ ಪಂದ್ಯಕ್ಕೆ ಒಪ್ಪದು. ಮುದುಕರು ಆ ತುಂಡುಗಳನ್ನು ಅರದಿಂದ ಉಜ್ಜುವರು, ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ತೂಗುವರು, ಮತ್ತೆ ಉಜ್ಜುವರು. ಚೈನಿನ ಹಲ್ಲುಚಕ್ರವನ್ನೂ ಬದಲಿಸಿ, ಕಡೆಯ ವೇಗವನ್ನು ಬಿಟ್ಟುಕೊಟ್ಟು ತಿರುವಿನಿಂದ ಥಟ್ಟನೆ ಹೊರಬೀಳುವ ಬಲವನ್ನು ಪಡೆದರು.

ಇವೆಲ್ಲವೂ ವೇಗದ ಮಾತಾಯಿತು. ಜೀವರಕ್ಷಣೆಯ ಮಾತು ಬೇರೆ. ಓಡಿಸುವವರ ಸೊಂಟಕ್ಕೂ ಬಂಡಿಗೂ ನಡುವೆ ಒಂದು ದಾರ ಇರುತ್ತದೆ; ಅವರು ಬಿದ್ದರೆ ದಾರ ಕಳಚಿ ಎಂಜಿನು ನಿಲ್ಲುತ್ತದೆ. ಮೊಳೆ ಹೊಡೆದ ಪಟ್ಟೆ ಸುತ್ತುತ್ತಲೇ ಇದ್ದರೆ ಏನಾಗಬಹುದೆಂದು ಊಹಿಸಬಹುದು. ಬೆಲ್ಟಿಗೆ ಲೋಹದ ಕವಚ, ಹಿಂದೆ ಗಟ್ಟಿಯಾದ ತಡೆಪರದೆ, ಕಾಲಿಗೂ ಎದೆಗೂ ಗುರಾಣಿ. ಈ ಭಾಗದಲ್ಲಿ ಮಾತ್ರ ಮುದುಕರು ಹಳೆಯದಕ್ಕೆ ಎಳ್ಳಷ್ಟೂ ಮರ್ಯಾದೆ ತೋರಲಿಲ್ಲ. ಎಲ್ಲವೂ ಹೊಸತು.

ಪೆಟ್ಟಿಗೆ

ಹಳೆಯ ಟೂ–ಸ್ಟ್ರೋಕ್ ಎಂಜಿನಿನ ಬೇನೆಗಳನ್ನು ಬಲ್ಲವರು ನಮ್ಮಲ್ಲಿಯೂ ಇದ್ದಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ೧೯೯೬ರಲ್ಲಿ ಮುಚ್ಚಿಹೋದರೂ ಅದರ ಮೋಟಾರುಸೈಕಲುಗಳನ್ನು ಇಂದಿಗೂ ಸಾಕಿಕೊಂಡಿರುವವರಿಗೆ, ಪೆಟ್ರೋಲಿನಲ್ಲಿ ಎಣ್ಣೆ ಬೆರೆಸುವ ವಿಧಿ, ಪಾಯಿಂಟಿನ ಸಂದನ್ನು ಅಳೆಯುವ ವಿಧಿ ಮನೆಯ ಮಾತು. ಈ ಎಂಜಿನಿನಲ್ಲಿ ಗಾಳಿಯೂ ಪೆಟ್ರೋಲೂ ಕೂಡಿ ಮೊದಲು ಹೋಗುವುದು ಪಿಸ್ಟನಿನ ಕೆಳಗಿನ ಕೋಣೆಗೆ. ಆ ಕೋಣೆಯ ರಬ್ಬರು ಸೀಲುಗಳು ವಯಸ್ಸಾಗಿ ಬಿರಿದರೆ ಬೇಡದ ಗಾಳಿ ಒಳಗೆ ನುಸುಳುತ್ತದೆ. ಪೆಟ್ರೋಲು ಕಡಮೆಯಾದ ಉರಿ ಅತಿ ಬಿಸಿಯಾಗಿ ಪಿಸ್ಟನಿನ ನೆತ್ತಿಯನ್ನೇ ತೂತುಮಾಡುತ್ತದೆ. ಅದರ ಮೇಲೆ ಆ ನಾಡಿನ ಚಳಿ! ತಣ್ಣಗಿನ ಗಾಳಿ ದಟ್ಟವಾದದ್ದು. ಅಷ್ಟೇ ಜಾಗದಲ್ಲಿ ಹೆಚ್ಚು ಆಮ್ಲಜನಕ ಹಿಡಿಯುತ್ತದೆ. ಆದ್ದರಿಂದ ಕಾರ್ಬುರೇಟರಿನ ಜೆಟ್ಟು ದೊಡ್ಡದಾಗಿರಬೇಕು. ಚಳಿ ಏರಿಳಿದ ಹಾಗೆಲ್ಲ ಜೆಟ್ಟು ಬದಲಿಸಬೇಕು.

ಒಂದು ವಿಷಯ ನನ್ನ ಗಮನವನ್ನು ಸೆಳೆಯಿತು. ಮುದುಕರು ಬಿಚ್ಚಿದ ಒಂದೊಂದು ಭಾಗವನ್ನೂ ಒರೆಸಿ, ಎಣ್ಣೆಕಾಗದದಲ್ಲಿ ಸುತ್ತಿ, ಚೀಟಿ ಬರೆದು, ಒಂದು ಮರದ ಪೆಟ್ಟಿಗೆಯಲ್ಲಿಡುತ್ತಿದ್ದರು. ಮೂಲದ ಪಟ್ಟೆಗೆ ಮೊಳೆ ಹೊಡೆಯಲಿಲ್ಲ. ಮೊಳೆಗಳಿಗೆ ಹೊಸ ಪಟ್ಟೆ ಕೊಂಡು, ಹಳೆಯದನ್ನು ಸುರುಳಿ ಸುತ್ತಿ ಇಟ್ಟರು. ಹಲಗೆಗಳ ಅಂತರ ಹೆಚ್ಚಿಸುವಾಗ ಚೌಕಟ್ಟನ್ನು ಕತ್ತರಿಸಿ ಬೆಸೆಯುವುದು ಅವರ ಕೈಗೆ ಅರ್ಧ ಗಂಟೆಯ ಕೆಲಸ. ಹಾಗೆ ಮಾಡದೆ, ಬೋಲ್ಟಿನಿಂದ ಕೂರುವ ತುಂಡೊಂದನ್ನು ಮೂರು ದಿನ ಶ್ರಮಪಟ್ಟು ತಯಾರಿಸಿದರು. ಒಂದು ನೋಟುಬುಕ್ಕಿನಲ್ಲಿ ದಿನದ ಕೆಲಸವೆಲ್ಲ ದಾಖಲು. ಕಾರಣ ಕೇಳಿದೆ. "ನಾಳೆ ಯಾರಿಗಾದರೂ ಇದು ಮೊದಲಿನಂತಾಗಬೇಕೆಂದು ತೋರಿದರೆ, ಅವರ ದಾರಿಗೆ ನಾನು ಅಡ್ಡ ನಿಲ್ಲಬಾರದು" ಎಂದರು.

ನನಗೆ ನನ್ನ ಕಸುಬಿನ ಮಾತು ಕಿವಿಗೆ ಬಿದ್ದಂತಾಯಿತು. ಒಳ್ಳೆಯ ಸಂಪಾದಕ ಮಾಡುವ ಕೆಲಸವೂ ಇದೇ. ಓಲೆಗರಿಯ ಪಾಠ ಕೆಟ್ಟಿರುವ ಕಡೆ ಅವನು ತಿದ್ದುತ್ತಾನೆ. ತಿದ್ದದಿದ್ದರೆ ಪದ್ಯ ಓದುವುದಕ್ಕೇ ಬರುವುದಿಲ್ಲ. ಆದರೆ ತಾನು ಬಿಟ್ಟ ಪಾಠಾಂತರಗಳನ್ನು ಹುಟದ ಅಡಿಯಲ್ಲಿ ಕೊಟ್ಟಿರುತ್ತಾನೆ. ಮೇಲಿನ ಪಾಠ ಇಂದಿನ ಓದುಗನಿಗೆ. ಅಡಿಯ ಪಾಠ ನಾಳೆಯ ವಿದ್ವಾಂಸನಿಗೆ. ಮುದುಕರ ಪೆಟ್ಟಿಗೆ ಆ ಬಂಡಿಯ ಅಡಿಟಿಪ್ಪಣಿಯಾಗಿತ್ತು.

ಆದರೆ ಪೆಟ್ಟಿಗೆಯಲ್ಲಿ ಇಡಲಾಗದ ಒಂದು ವಸ್ತುವೂ ಇತ್ತು. ಹೊಗೆಕೊಳವೆಯ ಮೂಲಕ ತೇವ ಇಳಿದು ಸಿಲಿಂಡರುಗಳ ಒಳಗೋಡೆ ತುಕ್ಕಿನಿಂದ ಸಿಡುಬು ಬಂದ ಮುಖದಂತಾಗಿತ್ತು. ಇದಕ್ಕೆ ಮದ್ದು ಒಂದೇ. ಒಳಗೋಡೆಯನ್ನು ಮಿಲಿಮೀಟರಿನ ಸಣ್ಣ ಪಾಲಿನಷ್ಟು ಕೊರೆದು ನಯಮಾಡಿ, ಅಷ್ಟೇ ದಪ್ಪನಾದ ಹೊಸ ಪಿಸ್ಟನನ್ನು ಕೂರಿಸಬೇಕು. ಕೊರೆದ ಲೋಹ ಮರಳಿ ಬರುವುದಿಲ್ಲ. ಗೋಡೆ ತೆಳುವಾಗುತ್ತ ಹೋಗಿ, ಕೆಲವು ಸಲ ಕೊರೆದ ಮೇಲೆ ಆ ಸಿಲಿಂಡರಿನ ಆಯುಸ್ಸು ತೀರುತ್ತದೆ. ಈ ಕೆಲಸಕ್ಕೆ ಮುನ್ನ ಮುದುಕರು ಎರಡು ದಿನ ಸುಮ್ಮನೆ ಕುಳಿತರು. ಸಂಗ್ರಾಹಕ ಆ ನಡುವೆ ಇನ್ನೊಮ್ಮೆ ದೂರವಾಣಿಯಲ್ಲಿ ಮಾತಾಡಿದ, ಬೆಲೆಯನ್ನೂ ಏರಿಸಿದ. ಮೂರನೆಯ ದಿನ ಸಿಲಿಂಡರುಗಳನ್ನು ಬಟ್ಟೆಯಲ್ಲಿ ಸುತ್ತಿ ಮೊಮ್ಮಗಳ ಕೈಗೆ ಕೊಟ್ಟು, "ನೀನೇ ತೆಗೆದುಕೊಂಡು ಹೋಗು. ಎಷ್ಟು ಕೊರೆಯುತ್ತಾರೆಂದು ನಿಂತು ನೋಡು, ಪುಸ್ತಕದಲ್ಲಿ ನಿನ್ನ ಕೈಯಿಂದಲೇ ಬರೆ" ಎಂದರು. ಆಕೆ ಪಟ್ಟಣದ ಕಾರ್ಯಾಗಾರದಿಂದ ಸಂಜೆ ಹಿಂದಿರುಗಿ ಬರೆದಳು.

ಕೆರೆಯ ಮೇಲೆ

ಪಂದ್ಯದ ದಿನ ಚಳಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಅಕ್ಕನ ಉಲ್ಲನ್ ಶಾಲನ್ನೂ ಸುತ್ತಿಕೊಂಡು ನಾನು ಹೋದೆ. ಮಿನ್ನೆಸೋಟದಲ್ಲಿ ಕೆರೆಯ ಮೇಲೆ ನಡೆಯಲು ನಾಲ್ಕು ಅಂಗುಲದ ಮಂಜುಗಡ್ಡೆ, ಹಿಮಬಂಡಿ ಓಡಿಸಲು ಐದರಿಂದ ಏಳು ಅಂಗುಲದ್ದು ಬೇಕೆಂಬುದು ಸರ್ಕಾರದ ಎಚ್ಚರಿಕೆ. ಪಂದ್ಯಕ್ಕೆ ಸೇರುವ ಜನಕ್ಕೂ ವಾಹನಗಳಿಗೂ ಅದಕ್ಕಿಂತ ಬಹಳ ದಪ್ಪ ಬೇಕು. ಊರವರು ಹಿಂದಿನ ವಾರವೆಲ್ಲ ತೂತು ಕೊರೆದು ಅ��ೆದಿದ್ದರು. ರಾತ್ರಿಗಳಲ್ಲಿ ಹಾದಿಗೆ ನೀರು ಹಾಯಿಸಿ ಕನ್ನಡಿಯಂತೆ ಮಾಡಿದ್ದರು. ಹೊರಅಂಚಿಗೆ ಹುಲ್ಲಿನ ಪಿಂಡಿಗಳ ಗೋಡೆ.

ಅವಳ ಪಂದ್ಯದಲ್ಲಿ ಏಳು ಬಂಡಿಗಳು, ಐದು ಸುತ್ತು. ಬಾವುಟ ಬಿದ್ದೊಡನೆ ಎದ್ದ ಸದ್ದನ್ನು ಬರೆದು ತೋರಿಸಲಾರೆ. ಹಿತ್ತಾಳೆಯ ತಗಡನ್ನು ಹರಿದಂಥ ಒಂದು ಕೂಗು. ಮುಂದಿನ ಬಂಡಿಗಳ ಮೊಳೆಗಳು ಎಬ್ಬಿಸಿದ ಬಿಳಿಯ ಧೂಳಿನಲ್ಲಿ ಹಿಂದಿನವರು ಮುಳುಗಿಹೋದರು. ಆ ಧೂಳಿನಿಂದ ಮೊದಲ ತಿರುವಿನಲ್ಲಿ ಅಜ್ಜನ ಬಂಡಿ ಹೊರಬಿತ್ತು. ಆಕೆ ಎಡಕ್ಕೆ ಬಾಗಿ, ಭುಜ ಮಂಜುಗಡ್ಡೆಗೆ ತಾಗುವುದೋ ಎಂಬಂತೆ ತೂಗುತ್ತಿದ್ದಳು. ಮುದುಕರು ಹಾದಿಯ ಕಡೆಗೆ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದರು. ಮೂರನೆಯ ಸುತ್ತಿನಲ್ಲಿ ಎಂಜಿನಿನ ದನಿ ಒಂದು ಕ್ಷಣ ತೊದಲಿದಾಗ ನನ್ನ ತೋಳನ್ನು ಬಿಗಿಯಾಗಿ ಹಿಡಿದರು. ದನಿ ಮತ್ತೆ ಕೂಡಿಕೊಂಡಾಗ ಬಿಟ್ಟರು. ಆಕೆ ಮೂರನೆಯವಳಾಗಿ ಬಂದಳು. ಬಹುಮಾನ ಒಂದು ಸಣ್ಣ ಫಲಕ. ಬಂಡಿಯನ್ನು ಕೊಟ್ಟಿಗೆಗೆ ತಂದ ಕೂಡಲೆ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಬಣ್ಣ ನೋಡಿದರು. ತುದಿ ತಿಳಿಗಂದು ಬಣ್ಣಕ್ಕಿತ್ತು. ಉರಿ ಹದವಾಗಿತ್ತೆಂದು ಅದರ ಅರ್ಥ.

ಇಂಥ ಪಂದ್ಯಗಳು ಇನ್ನೆಷ್ಟು ಕಾಲ ನಡೆದಾವೆಂಬುದು ಬೇರೆಯೇ ಪ್ರಶ್ನೆ. ಆ ರಾಜ್ಯದಲ್ಲಿ ಬೇಸಿಗೆಗಿಂತ ಚಳಿಗಾಲವೇ ಬೇಗ ಬೇಗ ಬೆಚ್ಚಗಾಗುತ್ತಿದೆ. ಕೆರೆಗಳು ತಡವಾಗಿ ಹೆಪ್ಪುಗಟ್ಟಿ ಬೇಗನೆ ಒಡೆಯುತ್ತವೆ. ಬಂಡಿಗಳನ್ನು ಮಾಡುವವರೂ ಕಡಮೆಯಾಗುತ್ತಿದ್ದಾರೆ. ೧೯೬೮ರಿಂದ ಈ ರಂಗದಲ್ಲಿದ್ದ ಜಪಾನಿನ ಯಮಾಹ ಸಂಸ್ಥೆ ತಾನು ಹಿಂದೆಗೆಯುವುದಾಗಿ ೨೦೨೩ರಲ್ಲಿ ಸಾರಿತು. ಪೆಟ್ರೋಲಿನ ಹೊಗೆಯುಗುಳುತ್ತ ಸುತ್ತುವ ಆಟವೂ ಚಳಿಯ ಈ ಕ್ಷಯಕ್ಕೆ ತನ್ನ ಪಾಲನ್ನು ಕೊಟ್ಟಿದೆಯೆಂದು ಯಾರಾದರೂ ಹೇಳಿದರೆ ಅಲ್ಲಗಳೆಯುವಂತಿಲ್ಲ. ಮುದುಕರಿಗೂ ಇದು ತಿಳಿಯದ್ದಲ್ಲ. ಆದ್ದರಿಂದಲೇ ವರ್ಷಕ್ಕೆ ಎರಡು ಪಂದ್ಯ ಸಾಕೆಂದು ಅವರು ಮೊಮ್ಮಗಳಿಗೆ ವಿಧಿಸಿದ್ದರು.

ಊರಿಗೆ ಹೊರಡುವ ಹಿಂದಿನ ದಿನ ಆ ನೋಟುಬುಕ್ಕನ್ನು ನನಗೆ ತೋರಿಸಿದರು. ನಲವತ್ತು ಪುಟ ಅವರ ಕೈಬರಹ. ಅಕ್ಷರ ನಡುಗಿದ್ದರೂ ಓದಬಹುದು. ನಡುವೆ ಒಂದು ಪುಟದಲ್ಲಿ ಮಾತ್ರ ಎಳೆಯ, ದುಂಡನೆಯ ಬರಹ. ಅಂದಿನ ತಾರೀಖು, ಕೊರೆದ ಅಳತೆ, ಕೂರಿಸಿದ ಪಿಸ್ಟನಿನ ಅಳತೆ. ಅದರ ಕೆಳಗೆ ಆಕೆ ಗೆರೆ ಎಳೆದು ಒಂದು ಸಾಲನ್ನು ಸೇರಿಸಿದ್ದಳು: ಇನ್ನು ಎರಡು ಸಲ ಕೊರೆಯಬಹುದು.